ಬಚ್ಚಲ ನೀರಿನ ಹಸಿರು

ಆ ಹೆಂಗಸು ಜೈಲಿಗೆ ಹೋದದ್ದು ನನ್ನಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಹೇಳಹೊರಟರೆ ದಾರಿಯಲ್ಲಿ ನನಗೆ ನಾನೇ ರಿಯಾಯಿತಿ ಕೊಟ್ಟುಕೊಳ್ಳುತ್ತೇನೆ.

ನಾನು ಅವಳನ್ನು ನೋಡಿರಲಿಲ್ಲ. ಅವಳ ಊರು ಯಾವುದೆಂದೂ ಗೊತ್ತಿರಲಿಲ್ಲ. ನೋಡಿದ್ದು ಅವಳ ಹಿತ್ತಲನ್ನು, ಅದೂ ಆಕಾಶದಿಂದ. ನೋಡಿ ತೀರ್ಮಾನಿಸಲು ಹಿಡಿದದ್ದು ಹನ್ನೊಂದು ಸೆಕೆಂಡು. ನಮ್ಮ ಕಂಪ್ಯೂಟರು ಅದನ್ನೂ ಬರೆದಿಡುತ್ತದೆ.

ಟೈರ್ ಅಂಗಡಿಯ ಮೇಲಿನ ಮೂರನೇ ಮಹಡಿಯಲ್ಲಿ ನಮ್ಮ ಕೋಣೆ. ಮೂವತ್ತೆರಡು ಕುರ್ಚಿ, ಮೂವತ್ತೆರಡು ಪರದೆ, ಎಲ್ಲರೂ ಹೆಂಗಸರು. ಕಿಟಕಿಗೆ ದಪ್ಪ ನೀಲಿ ಬಟ್ಟೆ ಕಟ್ಟಿರುತ್ತಿತ್ತು, ಪರದೆಯ ಮೇಲೆ ಬೆಳಕು ಬೀಳಬಾರದೆಂದು. ಉಪಗ್ರಹ ತೆಗೆದ ಚಿತ್ರಗಳು ಒಂದಾದ ಮೇಲೊಂದು ಬರುತ್ತಿದ್ದವು. ಗುಡ್ಡ, ಹಳ್ಳ, ಹೊಲ, ತಗಡಿನ ಸೂರು. ಗಾಂಜಾ ಬೆಳೆದಿರಬಹುದು ಅನ್ನಿಸಿದ ಜಾಗಕ್ಕೆ ಕೆಂಪು ಚೌಕ ಹಾಕಬೇಕು. ಅನ್ನಿಸದಿದ್ದರೆ ‘ಇಲ್ಲ’ ಒತ್ತಿ ಮುಂದಿನದಕ್ಕೆ ಹೋಗಬೇಕು. ಪೊಲೀಸ್ ಇಲಾಖೆ ಈ ಕೆಲಸವನ್ನು ಒಂದು ಕಂಪನಿಗೆ ಕೊಟ್ಟಿತ್ತು. ಕಂಪನಿ ನಮ್ಮ ಕಣ್ಣಿಗೆ ಕೊಟ್ಟಿತ್ತು. ಮಧ್ಯಾಹ್ನದ ಹೊತ್ತಿಗೆ ಕಣ್ಣು ಕೆಂಡವಾಗುತ್ತಿತ್ತು. ಎಲ್ಲರ ಮೇಜಿನ ಮೇಲೂ ಒಂದೊಂದು ಕಣ್ಣಿನ ಔಷಧಿಯ ಸೀಸೆ. ತಲೆ ಹಿಂದಕ್ಕೆ ಬಾಗಿಸಿ ಎರಡು ಹನಿ ಬಿಟ್ಟುಕೊಂಡು, ಕೆನ್ನೆ ಒರೆಸಿಕೊಂಡು, ಮತ್ತೆ ಆಕಾಶಕ್ಕೆ.

ಗೋಡೆಯ ಮೇಲೆ ಒಂದು ಹಾಳೆ ಅಂಟಿಸಿದ್ದರು. ಬೇಸಿಗೆಯಲ್ಲೂ ಹಸಿರಾಗಿರುವ ತುಂಡು. ರಸ್ತೆಗೆ ಕಾಣದ ಜಾಗ. ಸುತ್ತ ಬೇಲಿ ಅಥವಾ ಗೋಡೆ. ಪಕ್ಕದಲ್ಲಿ ತೊಟ್ಟಿಯೋ ಗುಂಡಿಯೋ. ಈ ನಾಲ್ಕೂ ಕಂಡರೆ ಚೌಕ ಹಾಕಿ ಎಂದು ಅದರಲ್ಲಿತ್ತು. ಬಡವರು ಎಲ್ಲಿದ್ದಾರೋ ಅಲ್ಲೆಲ್ಲ ಈ ನಾಲ್ಕೂ ಇರುತ್ತವೆ ಎಂದು ಆ ಹಾಳೆ ಬರೆದವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಒಂದೇ ಚಿತ್ರ ಮೂವರಿಗೆ ಹೋಗುತ್ತಿತ್ತು. ಮೂವರೂ ಒಂದೇ ಹೇಳಿದರೆ ತಂಟೆಯಿಲ್ಲ. ಇಬ್ಬರು ಹೌದೆಂದು ಒಬ್ಬಳು ಇಲ್ಲವೆಂದರೆ, ಆ ಒಬ್ಬಳ ಪರದೆಯ ಮೇಲೆ ಒಂದು ಖಾಲಿ ಡಬ್ಬಿ ತೆರೆದುಕೊಳ್ಳುತ್ತಿತ್ತು. ಕಾರಣ ಬರೆಯಿರಿ. ಅದರ ಕೆಳಗೆ ಇನ್ನೊಂದು ಸಾಲು: ನಿಮಗೆ ಹೇಗೆ ಗೊತ್ತು? ವಾರದಲ್ಲಿ ಮೂರು ಸಲ ಒಂಟಿಯಾದವಳನ್ನು ಪಕ್ಕದ ಕೋಣೆಗೆ ಕರೆಸಿ ಮತ್ತೆ ತರಬೇತಿ. ಹಾಗಾಗಿ ನಾವು ಚಿತ್ರವನ್ನು ನೋಡುತ್ತಿರಲಿಲ್ಲ. ಉಳಿದಿಬ್ಬರು ಏನೆನ್ನಬಹುದು ಎಂದು ನೋಡುತ್ತಿದ್ದೆವು. ನಮ್ಮ ಮೇಲ್ವಿಚಾರಕನಿಗೆ ನಾವಿಟ್ಟ ಹೆಸರು ‘ಬಹುಮತ’. ಮಾತು ಮಾತಿಗೂ ಬಹುಮತಕ್ಕೆ ತಲೆಬಾಗಿ ಅನ್ನುತ್ತಿದ್ದ. ನನ್ನ ಪಕ್ಕದ ಕುರ್ಚಿಯವಳ ಹೆಸರು ‘ವಾರ್ತೆ’. ಅವಳಿಗೆ ತಿಳಿಯದೆ ಆ ಕಟ್ಟಡದಲ್ಲಿ ನಲ್ಲಿಯೂ ಸೋರುವಂತಿರಲಿಲ್ಲ.

ಆ ದಿನ ಬಂದ ಚಿತ್ರದಲ್ಲಿ ಒಂದು ಕಲ್ಲುಕ್ವಾರಿ ಇತ್ತು. ಕ್ವಾರಿಯ ಕೆಳಗೆ ತಗಡಿನ ಸೂರುಗಳು, ನಲವತ್ತರಷ್ಟು. ಸೂರುಗಳ ಹಿಂದೆ ಒಂದು ಹಸಿರು ತುಂಡು. ಸುತ್ತ ಒಡೆದ ಕಲ್ಲಿನ ಗೋಡೆ. ಹಸಿರಿನ ತಲೆಯ ಹತ್ತಿರ ಒಂದು ಬಿಳಿ ಚುಕ್ಕೆ, ದುಂಡಗೆ, ಹಾಲು ಚೆಲ್ಲಿದಂತೆ.

ನನ್ನ ಕೈ ನಿಂತಿತು.

ಆ ಬಿಳಿ ಚುಕ್ಕೆ ಏನೆಂದು ಆ ಕೋಣೆಯ ಮೂವತ್ತೆರಡು ಜನರಲ್ಲಿ ಒಬ್ಬಳಿಗೆ ಗೊತ್ತಿತ್ತು. ಅದು ತಿಳಿಗುಂಡಿ. ಅದರೊಳಗೆ ಇಳಿದು ಕೆಸರು ಬಳಿದವಳಿಗೆ ಮಾತ್ರ ಗೊತ್ತಾಗುವಂಥದ್ದು.

ಪರದೆಯ ಬಾಣವನ್ನು ‘ಇಲ್ಲ’ದ ಮೇಲೆ ತಂದೆ. ಪಕ್ಕದಲ್ಲಿ ವಾರ್ತೆ ಟಕ್ಕೆಂದು ಚೌಕ ಹಾಕಿದ ಸದ್ದು. ಅವಳಿಗೂ ಅದೇ ಚಿತ್ರ ಬಂದಿರಬೇಕು. ನಾನು ಇಲ್ಲವೆಂದರೆ ಡಬ್ಬಿ ತೆರೆಯುತ್ತದೆ. ಇದು ಬಚ್ಚಲ ನೀರಿನ ಹಸಿರು ಎಂದು ಬರೆಯಬೇಕು. ನಿಮಗೆ ಹೇಗೆ ಗೊತ್ತು? ನಾನು ಹುಟ್ಟಿದ್ದು ಇಂಥದೇ ತಗಡಿನ ಕೆಳಗೆ. ಅಷ್ಟು ಬರೆಯಬೇಕು.

ಮೇಷ್ಟ್ರ ಮಗಳು ಎಂದು ಹೇಳಿಕೊಂಡು ಆ ಕುರ್ಚಿಯಲ್ಲಿ ಆರು ವರ್ಷ ಕೂತಿದ್ದವಳು ನಾನು. ಚೌಕ ಹಾಕಿದೆ. ಮುಂದಿನ ಚಿತ್ರ ಬಂತು.

ಕಲ್ಲು ಒಡೆಯುವವರ ಮೈಯಿಂದ ಬರುವ ನೀರು ಎಲ್ಲರ ಮೈಯ ನೀರಿನಂತಲ್ಲ. ಸಂಜೆ ಕ್ವಾರಿಯಿಂದ ಇಳಿದು ಬಂದಾಗ ಅಪ್ಪ ಯಾರು, ಚಿಕ್ಕಪ್ಪ ಯಾರು ಎಂದು ಗೊತ್ತಾಗುತ್ತಿರಲಿಲ್ಲ. ಎಲ್ಲರೂ ಒಂದೇ ಬಣ್ಣ. ರೆಪ್ಪೆ ಬಿಳಿ, ಮೂಗಿನ ಕೂದಲು ಬಿಳಿ, ತಲೆಕೂದಲು ಪೊರಕೆಯಷ್ಟು ಬಿರುಸು. ಅಮ್ಮ ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿ ಕೊಡವಿದರೆ ಹಿಟ್ಟಿನ ಗಿರಣಿ. ಮೊದಲನೇ ಚೊಂಬು ಮೈಮೇಲೆ ಸುರಿದರೆ ನೀರು ಹಾಲಿನಂತೆ ಇಳಿಯುತ್ತಿತ್ತು. ನಾಲ್ಕನೇ ಚೊಂಬಿಗೆ ಮನುಷ್ಯರ ಬಣ್ಣ ಕಾಣುತ್ತಿತ್ತು. ಐದನೆಯದಕ್ಕೆ ನೀರಿರಲಿಲ್ಲ. ನೀರು ತರಲು ಹೆಂಗಸರು ಗುಡ್ಡ ಸುತ್ತಿ ಹೋಗಬೇಕಿತ್ತು, ಹೋಗಿ ಬರಲು ಒಂದೂವರೆ ಗಂಟೆ. ಅಷ್ಟು ದೂರದಿಂದ ಸೊಂಟ ಮುರಿದು ಹೊತ್ತು ತಂದ ನೀರನ್ನು ಒಂದೇ ಸಲಕ್ಕೆ ಮಣ್ಣಿಗೆ ಬಿಡಲು ಯಾರಿಗೆ ಮನಸ್ಸು ಬಂದೀತು? ಎಲ್ಲ ಬಚ್ಚಲುಗಳಿಂದ ಸಣ್ಣ ಕಾಲುವೆ ತೋಡಿ ಒಂದು ಗುಂಡಿಗೆ ಕೂಡಿಸಿದ್ದರು. ಅಲ್ಲಿ ಕಲ್ಲಿನ ಪುಡಿ ತಳಕ್ಕಿಳಿಯುತ್ತಿತ್ತು. ಮೇಲಿನ ತಿಳಿ ಹರಿದು ಗಿಡಗಳಿಗೆ ಹೋಗುತ್ತಿತ್ತು. ಮರಗೆಣಸು, ಬದನೆ, ನಾಲ್ಕು ಸಾಲು ಸೊಪ್ಪು. ಕಡು ಬೇಸಿಗೆಯಲ್ಲಿ ಸುತ್ತಮುತ್ತ ಹುಲ್ಲುಕಡ್ಡಿ ಇಲ್ಲದಾಗಲೂ ಅಲ್ಲಿ ಹಸಿರು. ಮೇಕೆಗಳು ನುಗ್ಗದಂತೆ ಕಲ್ಲಿನ ಗೋಡೆ.

ಗುಂಡಿ ತುಂಬಿದರೆ ಕೆಲಸ ಕೆಡುತ್ತದೆ. ಭಾನುವಾರಕ್ಕೊಮ್ಮೆ ಕೆಸರು ತೆಗೆಯಬೇಕು. ಅದು ಹುಡುಗಿಯರ ಸರದಿ. ಮೊಣಕಾಲ ತನಕ ಇಳಿದು ತಟ್ಟೆಯಲ್ಲಿ ಬಳಿದು ಬುಟ್ಟಿಗೆ ತುಂಬುವುದು. ಬಿಳಿ ಕೆಸರು, ಬೆಣ್ಣೆಯಷ್ಟು ನುಣುಪು, ಒಣಗಿದ ಮೇಲೆ ಸಿಮೆಂಟು. ಉಗುರಿನ ಸಂದಿಯಿಂದ ಹೋಗುತ್ತಿರಲಿಲ್ಲ. ಸೋಮವಾರ ಶಾಲೆಯಲ್ಲಿ ಟೀಚರು ನನ್ನ ಕೈ ಹಿಡಿದೆತ್ತಿ ಇಡೀ ತರಗತಿಗೆ ತೋರಿಸಿದ್ದರು. ನೋಡ್ರೋ, ಬಳಪ ತಿಂದ ಕೋಳಿ. ನಾನು ಕೂತ ಬೆಂಚಿನ ಮೇಲೆ ಬಿಳಿ ಗುರುತು ಬೀಳುತ್ತಿತ್ತು. ಅದರ ಮೇಲೆ ಯಾರೂ ಕೂರುತ್ತಿರಲಿಲ್ಲ. ಕೊನೆಗೆ ನನಗೊಂದು ಗೋಣಿಚೀಲ ಕೊಟ್ಟರು, ಬಾಗಿಲ ಹತ್ತಿರ.

ಆ ಗೋಣಿಚೀಲದಿಂದ ಎದ್ದು ಬಂದವಳು ನಾನು. ಹಾಸ್ಟೆಲ್ಲು, ಟೈಪಿಂಗು, ಮದುವೆ, ಗಂಡನ ಸಾವು, ಈ ಕುರ್ಚಿ. ಎಲ್ಲ ಕಡೆ ಒಂದೇ ಸುಳ್ಳು ಹೇಳಿಕೊಂಡು ಬಂದೆ. ಅಪ್ಪ ಮೇಷ್ಟ್ರು. ಅಮ್ಮನಿಗೆ ದಮ್ಮು. ಅಮ್ಮನಿಗೆ ಇದ್ದದ್ದು ದಮ್ಮಲ್ಲ, ಎದೆಯೊಳಗೆ ಕೂತ ಕಲ್ಲು.

ಚೌಕ ಹಾಕಿದ ಸಂಜೆ ನಾನು ಚೆನ್ನಾಗಿಯೇ ಊಟ ಮಾಡಿದೆ. ಅದನ್ನೂ ಹೇಳಬೇಕು. ದಿನಕ್ಕೆ ಆರು ನೂರು ಚಿತ್ರ ನೋಡುವವಳು ಒಂದನ್ನು ನೆನೆಸಿಕೊಂಡು ಅಳುವುದಿಲ್ಲ. ಪೊಲೀಸರು ಹೋಗಿ ನೋಡುತ್ತಾರೆ, ಮರಗೆಣಸು ಕಂಡು ನಕ್ಕು ವಾಪಸ್ಸು ಬರುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಪೊಲೀಸರು ನಮ್ಮಂಥವರ ಕೇರಿಗೆ ಬಂದು ನಕ್ಕು ಹೋದದ್ದನ್ನು ಹುಟ್ಟಿದಾರಭ್ಯ ನಾನು ಕಂಡಿರಲಿಲ್ಲ. ಆದರೂ ಹೇಳಿಕೊಂಡೆ.

ಮೂವತ್ತೆಂಟು ದಿನ ಕಳೆದ ಮೇಲೆ ಬಹುಮತ ಬೆಳಿಗ್ಗೆಯೇ ನಗುತ್ತಾ ಬಂದ. ಕೈಯಲ್ಲಿ ಚಾಕೊಲೇಟಿನ ಡಬ್ಬ.

“ತಗೊಳ್ಳಿ, ತಗೊಳ್ಳಿ. ನಾವು ಹಾಕಿದ ಚೌಕ ಒಂದು ಹಣ್ಣಾಗಿದೆ. ಸ್ಥಳದ ಫೋಟೋ ಬಂದಿದೆ. ಇವತ್ತು ಆ ಚಿತ್ರ, ಈ ಫೋಟೋ ಎರಡೂ ಜೋಡಿಸಿ ಮೂರು ಜನ ‘ಸರಿ’ ಒತ್ತಬೇಕು. ಆಮೇಲೆ ಅದನ್ನ ಯಂತ್ರಕ್ಕೆ ಪಾಠ ಅಂತ ಕೊಡ್ತಾರೆ. ಇಂಥ ಜಾಗ ಎಲ್ಲೇ ಇದ್ರೂ ಇನ್ನು ಅದೇ ಹುಡುಕತ್ತೆ.”

“ಅದೇ ಹುಡುಕಿದ್ರೆ ನಮ್ಮ ಗತಿ ಏನ್ ಸಾರ್?” ವಾರ್ತೆ ಕೇಳಿದಳು.

“ನೀವು ಚಾಕೊಲೇಟ್ ತಿನ್ನಿ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತಿರುವಾಗಲೇ ಫೋಟೋ ತೆರೆಯಿತು.

ಮೊದಲನೆಯದರಲ್ಲಿ ಗೋಡೆ ಕೆಡವಿದ ಹಿತ್ತಲು. ಎರಡನೆಯದರಲ್ಲಿ ಒಂದು ಎಲೆ, ಪೊಲೀಸಿನವನ ಅಂಗೈ ಮೇಲೆ. ಗಾಂಜಾದ್ದರಂತೆಯೇ ಏಳು ಬೆರಳಿನ ಎಲೆ. ಮರಗೆಣಸಿನದು. ಮೂರನೆಯದರಲ್ಲಿ ನೆಲದ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ನನ್ನ ವಯಸ್ಸು. ಒಂದು ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು. ಇನ್ನೊಂದು ಕೈಯನ್ನು ಪೊಲೀಸಿನವಳು ಹಿಡಿದಿದ್ದಳು. ಬೆರಳ ಸಂದಿಯಿಂದ ಒಂದು ಕಣ್ಣು ಕಾಣುತ್ತಿತ್ತು. ರೆಪ್ಪೆ ಬಿಳಿ. ಆಗಷ್ಟೇ ಕ್ವಾರಿಯಿಂದ ಬಂದಿದ್ದಳು. ಇನ್ನೂ ಮೈ ತೊಳೆದಿರಲಿಲ್ಲ.

“ಅವತ್ತು ನೀರಿನ ಸರದಿ ಇವಳದ್ದಂತೆ. ಹಿತ್ತಲು ಯಾರದ್ದು ಅಂತ ಕೇಳಿದ್ದಕ್ಕೆ ಇವತ್ತು ನಂದು ಅಂದಳಂತೆ. ಎತ್ತಾಕಿಕೊಂಡು ಹೋದ್ರು.” ವಾರ್ತೆ ಫೋಟೋದ ಕೆಳಗಿನ ವರದಿಯನ್ನು ಓದಿ ಹೇಳುತ್ತಿದ್ದಳು. “ಎಲೆ ಪರೀಕ್ಷೆಗೆ ಹೋಗಿದೆಯಂತೆ. ವರದಿ ಬರೋವರೆಗೂ ಒಳಗೇ. ನೋಡ್ರೀ, ಎಷ್ಟು ಧೈರ್ಯ! ಕಲ್ಲು ಕುಟ್ಟೋ ಜನ, ಇನ್ನೇನು ಮಲ್ಲಿಗೆ ಬೆಳೀತಾರಾ?”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಮೂರನೇ ಫೋಟೋದ ಎಡ ಮೂಲೆಯಲ್ಲಿ ಕಿತ್ತ ಗಿಡಗಳ ರಾಶಿ ಇತ್ತು. ಅರ್ಧ ಮಾತ್ರ ಕಾಣುತ್ತಿತ್ತು. ನಾನು ದೊಡ್ಡದು ಮಾಡಿ ನೋಡಿದೆ. ಗಿಡದ ಬುಡದಲ್ಲಿ ಗೆಣಸು ನೇತಾಡುತ್ತಿತ್ತು, ತೋಳಿನಷ್ಟು ದಪ್ಪ. ಕಿತ್ತವರ ಕೈಗೇ ಅದು ಬಂದಿತ್ತು. ವರದಿಯಲ್ಲಿ ಹೀಗೆ ಬರೆದಿದ್ದರು: ಬೇರು, ರಾಸಾಯನಿಕದಿಂದ ಊದಿಕೊಂಡಿದೆ. ಗುಂಡಿ, ಬಿಳಿ ರಾಸಾಯನಿಕ ಕಲಸಲು ಬಳಸಿದೆ.

‘ಸರಿ’ ಒತ್ತಬೇಕಾದ ಮೂವರಲ್ಲಿ ನಾನೊಬ್ಬಳು. ಅಂದು ಚೌಕ ಹಾಕಿದವಳಲ್ಲವೇ.

ಒತ್ತಲಿಲ್ಲ. ಹಾಗೆಂದು ಎದ್ದು ನಿಂತು ಏನೂ ಹೇಳಲೂ ಇಲ್ಲ. ತಲೆನೋವು ಸಾರ್ ಅಂದೆ. ಫೋಟೋದ ಮೂಲೆಯಲ್ಲಿ ಅಚ್ಚಾಗಿದ್ದ ಅಕ್ಷಾಂಶ ರೇಖಾಂಶದ ಅಂಕಿಗಳನ್ನು ಬಸ್ ಟಿಕೇಟಿನ ಹಿಂದೆ ಬರೆದುಕೊಂಡು ಮನೆಗೆ ಬಂದೆ. ಹೇಡಿಗೂ ಕೈಬರಹ ಚೆನ್ನಾಗಿರುತ್ತದೆ.

ಅಮ್ಮ ಬಾಗಿಲಲ್ಲಿ ಬಿಸಿಲು ಕಾಯಿಸುತ್ತಾ ಕೂತಿದ್ದಳು.

“ಏನೇ ಇಷ್ಟು ಬೇಗ? ಆಕಾಶ ಮುಗೀತಾ?”

ನಾನು ಅವಳ ಕಾಲ ಹತ್ತಿರ ಕೂತು ಹೇಳಿದೆ. ಎಲ್ಲವನ್ನೂ. ಬಿಳಿ ಚುಕ್ಕೆ, ಹಸಿರು, ಹನ್ನೊಂದು ಸೆಕೆಂಡು, ಬಿಳಿ ರೆಪ್ಪೆ. ಅಮ್ಮ ಕೆಮ್ಮಿದಳು, ಉಗಿದಳು, ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು.

“ತಿಳಿಗುಂಡಿ ಅಂತ ಗೊತ್ತಾಯ್ತಾ ನಿನಗೆ?”

“ಗೊತ್ತಾಯ್ತು.”

“ನೋಡಿದ ಕೂಡಲೇ?”

“ನೋಡಿದ ಕೂಡಲೇ.”

“ಮತ್ತೆ ಬಾಯಿಗೇನು ಗೆಣಸು ತುರುಕಿದ್ರಾ?”

“ಹೇಗೆ ಗೊತ್ತು ಅಂತ ಕೇಳ್ತಾರಮ್ಮ.”

ಅಮ್ಮ ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲುವ ತನಕ ಬೆನ್ನು ನೀವಿದೆ. ಬೆನ್ನಿನ ಮೂಳೆಗಳು ಕೈಗೆ ಒಂದೊಂದಾಗಿ ಸಿಗುತ್ತಿದ್ದವು.

“ನನ್ನ ಕೆಮ್ಮಿಗೆ ಸುಳ್ಳು ಹೆಸರಿಟ್ಟೆ ನೀನು, ನಾನು ಸುಮ್ಮನಿದ್ದೆ. ಸತ್ತ ನಿನ್ನಪ್ಪನ ಕೈಯಿಂದ ಸುತ್ತಿಗೆ ಕಿತ್ತು ಸೀಮೆಸುಣ್ಣ ಕೊಟ್ಟೆ, ಅದಕ್ಕೂ ಸುಮ್ಮನಿದ್ದೆ. ಮಗಳು ಬದುಕಿಕೊಳ್ಳಲಿ ಅಂತ. ಈಗ ಇನ್ನೊಬ್ಬಳ ಮೈಮೇಲೆ ಕೂತು ಬದುಕ್ತೀನಿ ಅಂತೀಯಲ್ಲೇ.”

“ಕೆಲಸ ಹೋಗತ್ತೆ.”

“ಹೋಗತ್ತೆ. ಅವಳು ಒಳಗೆ ಏನು ಆಕಾಶ ನೋಡ್ತಾ ಕೂತಿದ್ದಾಳಾ? ಯಾವುದೋ ಪಾಯಿಖಾನೆ ತಿಕ್ಕಿಸ್ತಿರ್ತಾರೆ.” ಅಮ್ಮ ಎದ್ದು ಗೋಡೆ ಹಿಡಿದು ಒಳಗೆ ನಡೆದಳು. ಹೊಸ್ತಿಲಲ್ಲಿ ನಿಂತು, “ನಾಳೆ ನನ್ನನ್ನ ಕರ್ಕೊಂಡು ಹೋಗ್ತೀಯಾ ನಿನ್ನ ಆಫೀಸಿಗೆ? ನಾನೇ ಹೇಳ್ತೀನಿ. ಕೆಮ್ಮಿದರೆ ಸಾಕು, ಅವರಿಗೆ ಹೇಗೆ ಗೊತ್ತು ಅನ್ನೋದು ಗೊತ್ತಾಗತ್ತೆ” ಅಂದಳು.

ಮರುದಿನ ನನ್ನ ಪರದೆಯ ಮೇಲೆ ಅದೇ ಜೋಡಿ ಕಾದಿತ್ತು. ಉಳಿದಿಬ್ಬರು ಸರಿ ಒತ್ತಿಯಾಗಿತ್ತು. ನಾನು ‘ತಪ್ಪು’ ಒತ್ತಿದೆ. ಡಬ್ಬಿ ತೆರೆಯಿತು. ಬರೆದೆ. ಇದು ಮರಗೆಣಸು. ನೀರು ಬಚ್ಚಲದ್ದು. ಬಿಳಿ ಗುಂಡಿಯಲ್ಲಿರುವುದು ಕಲ್ಲು ಒಡೆಯುವವರ ಮೈಯ ಪುಡಿ. ಮೂರನೇ ಫೋಟೋದ ಎಡ ಮೂಲೆಯಲ್ಲಿ ಗೆಣಸು ಕಾಣುತ್ತದೆ. ಮೊದಲು ನಾನು ಹಾಕಿದ ಚೌಕ ತಪ್ಪು. ಹಾಕುವಾಗಲೇ ತಪ್ಪೆಂದು ನನಗೆ ಗೊತ್ತಿತ್ತು.

ಹತ್ತು ನಿಮಿಷಕ್ಕೆ ಬಹುಮತ ನನ್ನ ಕುರ್ಚಿಯ ಹಿಂದೆ ಬಂದು ನಿಂತ.

“ಏನ್ ಮೇಡಂ ಇದು? ಕಥೆ ಬರೆದಿದ್ದೀರಾ?”

“ಕಾರಣ ಬರೆದಿದ್ದೀನಿ ಸಾರ್.”

“ಇಬ್ಬರು ಸರಿ ಅಂದಿದ್ದಾರೆ.”

“ಇಬ್ಬರಿಗೆ ಗೊತ್ತಿಲ್ಲ.”

“ಪೊಲೀಸರಿಗೂ ಗೊತ್ತಿಲ್ಲ, ನಿಮಗೊಬ್ಬರಿಗೇ ಗೊತ್ತು?” ಅವನು ದನಿ ಎತ್ತಿದ. ಟಕಟಕ ಸದ್ದು ನಿಂತಿತು. “ಹೇಗೆ ಗೊತ್ತು ನಿಮಗೆ?”

ಎದ್ದು ನಿಂತೆ. ಮೇಜು ಹಿಡಿದುಕೊಂಡೆ.

“ಆ ಗುಂಡಿಗೆ ಇಳಿದು ಕೆಸರು ತೆಗೆದವಳು ಸಾರ್ ನಾನು. ಅಲ್ಲಿ ಅಲ್ಲ, ಅಂಥದೇ ಇನ್ನೊಂದು ಕಡೆ. ನನ್ನಪ್ಪ ಮೇಷ್ಟ್ರಲ್ಲ. ಕಲ್ಲು ಒಡೆದು ಸತ್ತ. ನಮ್ಮಮ್ಮನೂ ಒಡೆದಳು. ಆ ನೀರಲ್ಲಿ ಬೆಳೆದ ಗೆಣಸು ತಿಂದೇ ಈ ಮೈ ಬಂದಿದ್ದು. ಹಾಗೆ ಗೊತ್ತು.”

ವಾರ್ತೆ ನನ್ನನ್ನೇ ನೋಡುತ್ತಿದ್ದಳು. ಆರು ವರ್ಷ ನನ್ನ ಊಟದ ಡಬ್ಬಿಯಿಂದ ತಿಂದವಳು, ತನ್ನದನ್ನು ನನಗೆ ತಿನ್ನಿಸಿದವಳು. ಅವಳ ಕುರ್ಚಿ ಗಾಲಿಯದು. ಸದ್ದಿಲ್ಲದೆ ಒಂದು ಗೇಣು ಹಿಂದೆ ಸರಿಯಿತು. ಅವಳೇ ಸರಿಸಿದಳೋ, ತಾನಾಗಿ ಸರಿಯಿತೋ, ಆಣೆ ಮಾಡಿ ಹೇಳಲಾರೆ. ಆ ಒಂದು ಗೇಣನ್ನು ನಾನು ಚಿಕ್ಕಂದಿನಿಂದ ಬಲ್ಲೆ.

ಬಹುಮತ ದನಿ ತಗ್ಗಿಸಿದ. ಈಗ ಅದರಲ್ಲಿ ಕರುಣೆ ಇತ್ತು. ಕೂಗಾಟವೇ ವಾಸಿಯಿತ್ತು.

“ನೋಡಿ, ಭಾವನೆಗೆ ಬಿದ್ದು ಕೆಲಸ ಕಳ್ಕೋಬೇಡಿ. ನಿಮ್ಮವರು ಅಂತ ನಿಮಗೆ ಅನ್ನಿಸೋದು ಸಹಜ. ಅದನ್ನ ಅಳಿಸಿ, ಸರಿ ಒತ್ತಿ. ಈ ವಿಷಯ ನಾನು ಇಲ್ಲಿಗೇ ಬಿಡ್ತೀನಿ.”

“ಅಳಿಸಲ್ಲ.”

“ನಾನೇ ಅಳಿಸ್ತೀನಿ.”

“ಅಳಿಸಿ. ನನ್ನ ಬಾಯಿ ಅಳಿಸೋಕಾಗಲ್ಲವಲ್ಲ. ನಾನು ಒತ್ತಲ್ಲ.”

ಅವನೇ ಬಾಗಿ ನನ್ನ ಮೇಲಿಂದ ಕೈ ಚಾಚಿ ಒಂದೊಂದೇ ಸಾಲು ಅಳಿಸಿದ. ಸರಿ ಒತ್ತಲು ನನ್ನ ಬೆರಳಚ್ಚು ಬೇಕಿತ್ತು. ಕೊಡಲಿಲ್ಲ. ಎರಡೂ ಕೈಯನ್ನು ಕಂಕುಳಲ್ಲಿ ಒತ್ತಿ ಹಿಡಿದು ನಿಂತೆ, ಕಳ್ಳಿಯ ಹಾಗೆ. ಕಾವಲುಗಾರ ಬಂದು ನನ್ನ ಚೀಲ ತಡಕಿದ. ಕಣ್ಣಿನ ಔಷಧಿಯ ಸೀಸೆ ಕಂಪನಿಯದ್ದು ಎಂದು ತೆಗೆದಿಟ್ಟುಕೊಂಡ.

ಇದನ್ನು ಓದಿ ಯಾರೂ ನನ್ನ ಬೆನ್ನು ತಟ್ಟುವುದು ಬೇಡ. ನಾನು ಬಾಯಿ ಬಿಟ್ಟದ್ದು ಅವಳು ಒಳಗೆ ಹೋಗಿ ತಿಂಗಳು ಕಳೆದ ಮೇಲೆ. ಮೊದಲ ದಿನ ಹನ್ನೆರಡನೇ ಸೆಕೆಂಡಿಗೆ ಬಿಟ್ಟಿದ್ದರೆ ಒಂದು ಡಬ್ಬಿ ತುಂಬಿಸಿದರೆ ಮುಗಿಯುತ್ತಿತ್ತು.

ನ್ಯಾಯಾಲಯದ ಹಿಂದಿನ ಓಣಿಯಲ್ಲಿ ಬಡವರ ಕೇಸು ನೋಡುವ ಲಾಯರಮ್ಮ ಒಬ್ಬರಿದ್ದರು. ಅವರ ಕೋಣೆಯಲ್ಲಿ ಫೈಲುಗಳು ಕುರ್ಚಿಯ ಮೇಲೆ, ಜನ ನೆಲದ ಮೇಲೆ. ಬಸ್ ಟಿಕೇಟಿನ ಹಿಂದಿನ ಅಂಕಿ ಕೊಟ್ಟೆ. ಅದನ್ನು ಹಿಡಿದು ಅವರು ಠಾಣೆ ಹುಡುಕಿದರು, ಠಾಣೆಯಿಂದ ಫೈಲು. ಆ ಕೇಸಿಗೆ ಅಲ್ಲಿಯವರೆಗೆ ಲಾಯರೇ ಇರಲಿಲ್ಲ. ನನ್ನ ಹೇಳಿಕೆ ಬರೆಸಿಕೊಂಡರು. ಹುಟ್ಟಿದ ಜಾಗ, ಅಪ್ಪನ ಕೆಲಸ, ಎಲ್ಲವನ್ನೂ ನಿಜವಾಗಿ. ಸಹಿ ಮಾಡುವಾಗ ಕೈ ನಿಂತಿತು. ಅಷ್ಟು ನಿಜವನ್ನು ಒಟ್ಟಿಗೆ ಎಂದೂ ಬರೆದಿರಲಿಲ್ಲ.

“ನೀವು ಬೇಕಂತಲೇ ತಪ್ಪು ಗುರುತು ಹಾಕಿದಿರಿ ಅಂತ ನಿಮ್ಮ ಮೇಲೇ ತಿರುಗಿಸಬಹುದು” ಅಂದರು ಲಾಯರಮ್ಮ.

“ತಿರುಗಿಸಲಿ.”

“ಶೌರ್ಯ ಬೇಡ. ಮೂರನೇ ಫೋಟೋ, ಎಡ ಮೂಲೆ ಅಂದ್ರಲ್ಲ. ಅದು ಸಾಕು.”

ಸಾಕಾಯಿತು. ಸಾಕಾಗಲು ಇಪ್ಪತ್ತೊಂದು ದಿನ ಹಿಡಿಯಿತು. ಕೃಷಿ ಇಲಾಖೆಯವನೊಬ್ಬ ಫೋಟೋ ನೋಡಿ, ಇದನ್ನು ನಮ್ಮ ಅಜ್ಜಿ ಬೇಯಿಸಿ ಕೊಡುತ್ತಿದ್ದಳು ಎಂದು ನ್ಯಾಯಾಧೀಶರ ಮುಂದೆ ಹೇಳಿದನಂತೆ. ಕೋರ್ಟಿನಲ್ಲಿ ನಗೆ ಎದ್ದಿತಂತೆ. ಅರವತ್ತು ದಿನ ಒಳಗಿದ್ದವಳು ಆ ನಗೆಯ ಮಧ್ಯೆ ಬಿಡುಗಡೆಯಾದಳು.

ಹದಿನೈದು ದಿನ ತಡೆದು ಅಲ್ಲಿಗೆ ಹೋದೆ. ಎರಡು ಬಸ್ಸು, ಆಮೇಲೆ ನಡಿಗೆ. ಮೇಲಿಂದ ನೋಡಿದ ಜಾಗ ಕೆಳಗಿಂದ ಗುರುತು ಸಿಗಲಿಲ್ಲ. ಮೇಲಿಂದ ವಾಸನೆ ಇರುವುದಿಲ್ಲ, ಏರು ಇರುವುದಿಲ್ಲ. ಸೂರುಗಳ ಹಿಂದೆ ಹೋದಾಗ ಒಬ್ಬಳು ಕೆಡವಿದ ಗುಂಡಿಯ ಅಂಚಿಗೆ ಕಲ್ಲು ಕೂರಿಸುತ್ತಿದ್ದಳು. ಮುಖ ಮುಚ್ಚಿರಲಿಲ್ಲ. ಆದರೂ ಅವಳೇ ಎಂದು ತಿಳಿಯಿತು.

“ಯಾರಮ್ಮ ನೀವು? ಲಾಯರಮ್ಮನ ಕಡೆಯೋರಾ?”

“ಅಲ್ಲ. ನಿಮ್ಮ ಹಿತ್ತಲಿಗೆ ಗಾಂಜಾ ಅಂತ ಗುರುತು ಹಾಕಿದವಳು ನಾನು.”

ಅವಳು ಕೈಯಲ್ಲಿದ್ದ ಕಲ್ಲನ್ನು ಇಟ್ಟಳು. ಎಸೆಯಬಹುದಿತ್ತು, ಇಟ್ಟಳು.

“ಯಾರೋ ಆಫೀಸಿನವಳು ನಮ್ಮ ಪರವಾಗಿ ಬರೆದುಕೊಟ್ಟಳು, ಅವಳೂ ಕಲ್ಲಿನವಳೇ ಅಂತ ಲಾಯರಮ್ಮ ಅಂದ್ರಲ್ಲ?”

“ಅವಳೂ ನಾನೇ.”

“ಎರಡೂ ನೀನೇನಾ?”

ನೀವು ಹೋಗಿ ನೀನು ಬಂತು. ಬೈಗುಳವೋ, ನೆಂಟಸ್ತನವೋ ತಿಳಿಯಲಿಲ್ಲ. ಅವಳು ಸೂರುಗಳ ಕಡೆ ತಿರುಗಿ ಕೂಗಿದಳು. “ಬನ್ರೇ ಇಲ್ಲಿ. ನಮ್ಮನ್ನ ಆಕಾಶದಿಂದ ನೋಡಿದೋಳು ಬಂದಿದ್ದಾಳೆ.”

ಏಳೆಂಟು ಹೆಂಗಸರು ಬಂದು ಸುತ್ತ ನಿಂತರು. ಬಿಳಿ ಮೈ, ಕೆಂಪು ಕಣ್ಣು. ಯಾರೂ ಹೊಡೆಯಲಿಲ್ಲ. ನಾನು ಹೊಡೆತಕ್ಕೆ ತಯಾರಾಗಿ ಹೋಗಿದ್ದೆ. ಪ್ರಶ್ನೆಗಳಿಗೆ ತಯಾರಾಗಿರಲಿಲ್ಲ.

“ಮೇಲಿಂದ ಏನೇನು ಕಾಣತ್ತೆ?”

“ಸೂರು, ದಾರಿ, ಗಿಡ, ನೀರು.”

“ನಾನು ಬೆಳಿಗ್ಗೆ ಬಂಡೆ ಹಿಂದೆ ಹೋಗಿ ಕೂರೋದು?” ಕೇಳಿದ್ದು ಒಬ್ಬಳು ಅಜ್ಜಿ. ಹೆಂಗಸರು ನಕ್ಕರು.

“ಇಲ್ಲ ಅಜ್ಜಿ. ಮನುಷ್ಯರು ಕಾಣಲ್ಲ.”

“ಅದು ಗೊತ್ತಿದ್ದದ್ದೇ ಬಿಡು.”

ನಗು ನಿಂತಿತು. ಜೈಲಿನಿಂದ ಬಂದವಳು ಕೇಳಿದಳು. “ನಮಗೆ ನಲ್ಲಿ ಇಲ್ಲ ಅನ್ನೋದು ಕಾಣತ್ತಾ?”

ಸುಳ್ಳು ಹೇಳುವುದು ಸಾಕಾಗಿತ್ತು. “ಕಾಣತ್ತೆ. ಅದೇ ಚಿತ್ರದಲ್ಲಿ ಪೈಪಿನ ಸಾಲು ದೊಡ್ಡ ರಸ್ತೆ ಪಕ್ಕ ಬರತ್ತೆ. ನಿಮ್ಮ ಹತ್ತಿರ ಬಂದು ಕ್ವಾರಿ ಮಾಲೀಕನ ಬಂಗಲೆ ಕಡೆ ತಿರುಗತ್ತೆ. ಮಣ್ಣು ಅಗೆದ ಗುರುತು ಇನ್ನೂ ಇದೆ. ಅಲ್ಲಿ ಒಂದು ಈಜುಕೊಳ, ನೀಲಿ. ಸುತ್ತ ಹುಲ್ಲು.”

“ಬೇಸಿಗೇಲೂ ಹಸಿರಾ?”

“ಹಸಿರು.”

“ಗೋಡೆ?”

“ಇದೆ.”

“ಅದಕ್ಕೆ ಯಾಕೆ ಗುರುತು ಹಾಕಲಿಲ್ಲ?”

“ದೊಡ್ಡ ಮನೆ ಇದ್ದರೆ ಬಿಟ್ಟುಬಿಡಿ ಅಂತ ಹೇಳಿದ್ದರು. ಬಿಟ್ಟೆ.”

ಅವಳು ಕೈಯ ಮಣ್ಣು ಕೊಡವಿಕೊಂಡಳು. ಅಂಗೈಯಲ್ಲಿ ಬಿರುಕು, ಬಿರುಕಿನಲ್ಲಿ ಬಿಳಿ. ಜೈಲು ಅದನ್ನು ತೊಳೆದಿರಲಿಲ್ಲ.

“ಅರವತ್ತು ದಿನ” ಅಂದಳು. “ಅಷ್ಟರಲ್ಲಿ ನಮ್ಮತ್ತೆ ಸತ್ತಳು. ಮಣ್ಣಿಗೂ ಬಿಡಲಿಲ್ಲ ನನ್ನ. ನೀನು ಬಂದು ತಪ್ಪಾಯ್ತು ಅಂದರೆ ನಾನು ಹೋಗಲಿ ಬಿಡು ಅನ್ನಬೇಕು ಅಂತ ಬಂದಿದ್ದೀಯಾ?”

ಹಾಗೆ ಅನ್ನಿಸಿಕೊಳ್ಳಲೆಂದೇ ಹೋಗಿದ್ದೆ. ಎರಡು ಬಸ್ಸು ಹಿಡಿದು ಅಷ್ಟು ದೂರ ಅದಕ್ಕೇ ಹೋಗಿದ್ದೆ. “ಹೌದು” ಅಂದೆ.

“ಅನ್ನಲ್ಲ.”

“ಸರಿ.”

“ನಾಳೆ ನೀರಿನ ಕಚೇರಿಗೆ ಹೋಗ್ತಿದ್ದೀವಿ ಎಲ್ಲರೂ. ಮೂರು ಸಲ ಹೋಗಿ ಬಂದಾಯ್ತು. ನಿಮ್ಮ ಕಡೆ ಪೈಪೇ ಬಂದಿಲ್ಲ ಅಂತಾರೆ. ಈಗ ಹೇಳಿದೆಯಲ್ಲ, ಅದನ್ನ ಅಲ್ಲಿ ಹೇಳು. ಒಂಬತ್ತಕ್ಕೆ ಟ್ರ್ಯಾಕ್ಟರ್ ಹೊರಡತ್ತೆ. ಕೂರೋಕೆ ಜಾಗ ಇರಲ್ಲ.”

ಅಷ್ಟು ಹೇಳಿ ಅವಳು ಮತ್ತೆ ಕಲ್ಲು ಎತ್ತಿಕೊಂಡಳು.

ಮರುದಿನ ಎಂಟೂವರೆಗೇ ಹೋದೆ. ಟ್ರ್ಯಾಕ್ಟರಿನಲ್ಲಿ ಇಪ್ಪತ್ತಾರು ಹೆಂಗಸರು, ಒಬ್ಬರ ಮೇಲೊಬ್ಬರು. ಹಿಡಿದುಕೊಳ್ಳಲು ಒಂದು ಸರಳು ಸಿಕ್ಕಿತು. ದಾರಿಯುದ್ದಕ್ಕೂ ಯಾರೂ ನನ್ನ ಜೊತೆ ಮಾತಾಡಲಿಲ್ಲ. ಕುಲುಕಾಟದಲ್ಲಿ ಒಬ್ಬಳ ಬಿಳಿ ತೋಳು ನನ್ನ ರವಿಕೆಗೆ ಉಜ್ಜಿ ಗುರುತು ಮಾಡಿತು. ಒರೆಸಿಕೊಳ್ಳಲು ಎತ್ತಿದ ಕೈಯನ್ನು ಇಳಿಸಿದೆ.

ಕಚೇರಿಯ ಮುಂದೆ ಇಳಿದೆವು. ಕಬ್ಬಿಣದ ಗೇಟು, ಒಳಗೆ ಮೆಟ್ಟಿಲು, ಮೆಟ್ಟಿಲ ಮೇಲೆ ಲಾಠಿ ಹಿಡಿದ ಇಬ್ಬರು. ನಾನು ಅಭ್ಯಾಸಬಲದಿಂದ ಗುಂಪಿನ ಹಿಂದೆ ನಿಂತೆ. ಜೈಲಿನಿಂದ ಬಂದವಳು ತಿರುಗಿ ನೋಡಿದಳು.

“ಅಲ್ಲಲ್ಲ” ಅಂದಳು. “ನೀನು ಮುಂದೆ ನಡಿ.”

ನಡೆದೆ.